ಡಿಯರ್ ಕಸ್ಟಮರ್ ನೇಮ್

ಕಳೆದ ವರ್ಷ ಒಂದು ಭಾನುವಾರ ಬೆಳಗ್ಗೆ ಅಮ್ಮನ ಫೋನು. "ನಿಮ್ಮ ನಾಯ್ನಗೆ ವಾಂತಿ ನಿಲ್ತಾ ಇಲ್ಲ ಕಣೋ, ಔಷಧಿ ಹೊಡೆದು ಬಂದಾಗಿಂದ ತಲೆ ತಿರುಗ್ತಿದೆ ಅಂತಾರೆ."

ನಮ್ಮದು ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿ. ಮನೆಮಾತು ತೆಲುಗು, ಓದುಬರಹ ಕನ್ನಡ. ಮಾವಿನ ತೋಪಿನ ಪಕ್ಕ ಅರ್ಧ ಎಕರೆ ಟೊಮೇಟೊ. ನಾನು ಬೆಂಗಳೂರಿಂದ ಬೈಕಲ್ಲಿ ಹೋಗೋಷ್ಟರಲ್ಲಿ ಚಿಕ್ಕಪ್ಪ ಆಸ್ಪತ್ರೆಗೆ ಸೇರಿಸಿದ್ದರು. ಡಾಕ್ಟರ್ ಕೇಳಿದ್ದು ಒಂದೇ: "ಬಾಟ್ಲಿ ತಂದಿದೀರಾ?" ಯಾರೂ ತಂದಿರಲಿಲ್ಲ. ತೋಟಕ್ಕೆ ಓಡಿದೆ.

ಬಾಟ್ಲಿ ಜೊತೆ ಶೆಡ್ಡಲ್ಲಿ ಹಳೇ ಬಾಟ್ಲಿಯೂ ಸಿಕ್ಕಿತು. ಅದೇ ಔಷಧಿ, ಅದೇ ಹಳದಿ ತ್ರಿಕೋನ. (ಕೆಂಪು, ಹಳದಿ, ನೀಲಿ, ಹಸಿರು: ವಿಷದ ತೀವ್ರತೆ ಇಳಿಯೋದು ಈ ಕ್ರಮದಲ್ಲಿ.) ಮುಚ್ಚಳ ಮಾತ್ರ ಬೇರೆ. ರಾತ್ರಿ ಮಗುವಿನ ಸಿರಪ್ಪಿನ ಅಳತೆ ಲೋಟದಲ್ಲಿ ನೀರು ಹಾಕಿ ನೋಡಿದೆ. ಹಳೇದರಲ್ಲಿ 5 ಎಂಎಲ್, ಹೊಸದರಲ್ಲಿ ಹತ್ತಿರ ಹತ್ತಿರ 10. ನಾಯ್ನ ವರ್ಷಗಟ್ಟಲೆ ಲೆಕ್ಕ ಇಟ್ಟಿದ್ದೇ ಕ್ಯಾನಿಗೆ ಇಷ್ಟು ಮುಚ್ಚಳ ಅಂತ. ಮೂಗಿಗೆ ಮಾಸ್ಕ್ ಇಲ್ಲ, ಬರೀ ಟವೆಲ್. ಆ ತಪ್ಪು ಅವರದೇ, ಒಪ್ಪಿಕೊಳ್ಳೋಣ.

ಎರಡು ದಿನಕ್ಕೆ ಮನೆಗೆ ಬಂದರು. ಆಮೇಲೆ ನಾನು ಬರೆಯೋಕೆ ಕೂತೆ.

ಕೀಟನಾಶಕ ನಿಯಮಗಳು, 1971ರ ಪ್ರಕಾರ ಪ್ಯಾಕಿನೊಳಗೆ ಕರಪತ್ರ ಇರಬೇಕು. ಬಳಸುವ ವಿಧಾನ, ವಿಷದ ಲಕ್ಷಣ, ಪ್ರಥಮ ಚಿಕಿತ್ಸೆ ಎಲ್ಲವೂ ಹಿಂದಿ, ಇಂಗ್ಲಿಷ್ ಜೊತೆ ಆ ಕಡೆಯ ಭಾಷೆಯಲ್ಲೂ ಇರಬೇಕು. ಇತ್ತು, ಸುಳ್ಳು ಹೇಳಲ್ಲ. ಹಲವು ಭಾಷೆಗಳ ನಡುವೆ ಮಡಚಿಟ್ಟ ಹಾಳೆಯಲ್ಲಿ ಕನ್ನಡವೂ ಇತ್ತು, ಫೋನಲ್ಲಿ ಫೋಟೋ ತೆಗೆದು ಜೂಮ್ ಮಾಡಿದರೆ ಓದಬಹುದಿತ್ತು. ಮುಚ್ಚಳ ಬದಲಾಗಿದೆ ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ. ಎರಡೂ ಮುಚ್ಚಳದ ಫೋಟೋ ಹಾಕಿ ಕಂಪನಿಗೆ ಕೇಳಿದ್ದು ಇಷ್ಟೇ: ಮುಚ್ಚಳದ ಒಳಗೆ ಅಳತೆ ಗೆರೆ ಹಾಕಿ, ಇಲ್ಲಾಂದ್ರೆ ಬಾಟ್ಲಿ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಸಾಲು ಬರೀರಿ.

ಐದು ನಿಮಿಷಕ್ಕೆ ಇಂಗ್ಲಿಷಲ್ಲಿ ಉತ್ತರ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ, ಸಂಬಂಧಪಟ್ಟ ತಂಡಕ್ಕೆ ಕಳಿಸಿದ್ದೇವೆ, ಲೇಬಲ್ ಸೂಚನೆ ಪಾಲಿಸಿ. ಎರಡನೇ ಸಲ ಬರೆದೆ, ಅದೇ ಉತ್ತರ. ಮೂರನೇ ಸಲ "ಡಿಯರ್ ಕಸ್ಟಮರ್ ನೇಮ್" ಅಂತ ಬಂತು. ಹೆಸರು ತುಂಬಬೇಕಾದ ಜಾಗ ಹಾಗೇ ಉಳಿದಿತ್ತು.

ಕೋಪಕ್ಕಿಂತ ಮೊದಲು ಬಂದಿದ್ದು ನಾಚಿಕೆ. ಯಾಕಂದ್ರೆ ನನ್ನ ಕೆಲಸವೇ ಅದು. ನಮ್ಮ ಟೀಮ್ ಮಾಡೋದು ಗ್ರಾಹಕರ ದೂರಿಗೆ ತಾನಾಗಿ ಉತ್ತರ ಕಳಿಸೋ ಸಾಫ್ಟ್‌ವೇರ್. "ಸಂಬಂಧಪಟ್ಟ ತಂಡಕ್ಕೆ ಕಳಿಸಿದ್ದೇವೆ" ಅನ್ನೋ ಥರದ ಸಾಲು ನಾನೇ ಟೈಪ್ ಮಾಡಿದೀನಿ. ಆ ತಂಡ ಯಾವುದು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಸೋಮವಾರ ಆಫೀಸಲ್ಲಿ ಕೇಳಿದೆ. ಆರೋಗ್ಯಕ್ಕೆ ತೊಂದರೆ ಅಂತ ಬರೆದ ದೂರು ನೇರ ಒಬ್ಬ ಮನುಷ್ಯನ ಹತ್ತಿರ ಹೋಗೋ ಹಾಗೆ ಮಾಡೋಣ ಅಂದೆ. ಮ್ಯಾನೇಜರ್ "ಮುಂದಿನ ಕ್ವಾರ್ಟರ್ ನೋಡೋಣ" ಅಂದ್ರು.

ಎರಡೂ ಮುಚ್ಚಳದ ಸಮೇತ ರೈತ ಸಂಪರ್ಕ ಕೇಂದ್ರಕ್ಕೆ ಬರವಣಿಗೆಯಲ್ಲಿ ದೂರು ಕೊಟ್ಟಿದೀನಿ, ಸ್ವೀಕೃತಿ ಸೀಲ್ ಹಾಕಿಸಿಕೊಂಡಿದೀನಿ. ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿದೀನಿ. ನಾಯ್ನಗೆ ಅಳತೆ ಜಾರ್, ಮಾಸ್ಕ್ ತಂದುಕೊಟ್ಟೆ. ಜಾರ್ ಬಳಸ್ತಾರೆ, ಮಾಸ್ಕ್ ಗೋಡೆ ಮೊಳೆಗೆ ನೇತಾಡ್ತಿದೆ.

ಮೊನ್ನೆ ಊಟಕ್ಕೆ ಕೂತಾಗ ಕೇಳಿದರು, "ಕಂಪನಿಯವರು ಏನಂದ್ರಪ್ಪ?"

"ಬರ್ಕೊಂಡಿದಾರಂತೆ."

"ಬರ್ಕೊಂಡ್ರಾ? ಹಂಗಾದ್ರೆ ಸರಿ ಬಿಡು" ಅಂದು ಸಾರು ಬಡಿಸಿಕೊಂಡರು.