ಡಿಸ್ಕ್ ಬೋಲ್ಟ್: ಹಳೇವೇ ಹಾಕೋದಾ, ಹೊಸಾವಾ? | ಗಾಡಿ ಮಾತು, ಭಾಗ 7

ದೋಸ್ತರೇ, ಒಂದು ನಿಮಿಷ ನಿಮ್ಮ ಗಾಡಿ ಹತ್ರ ಹೋಗ್ರಿ. ಮುಂದಿನ ಗಾಲಿಯ ಡಿಸ್ಕ್ ಪ್ಲೇಟ್ ನೋಡ್ರಿ. ಆ ಪ್ಲೇಟನ್ನ ಹಬ್‌ಗೆ ಹಿಡಿದಿಟ್ಟಿರೋ ಸಣ್ಣ ಬೋಲ್ಟ್ ಕಾಣ್ತಾವ. ಕೆಲವು ಗಾಡಿಗೆ 4, ಕೆಲವಕ್ಕ 5, ಕೆಲವಕ್ಕ 6. ಎಲ್ಲಾ ಒಂದೇ ಥರ ಅವ ಏನು?

ಮೊದಲ ಫೋಟೋದಾಗ ಇರೋದು ನಮ್ಮ ಅಪ್ಪನ ಗಾಡಿ. 5 ಬೋಲ್ಟ್‌ನಾಗ 4 ಕಪ್ಪಗಿದ್ವು, ಒಂದು ಮಾತ್ರ ಪಳಪಳ ಹೊಳೀತಿತ್ತು. ಹಿಂದೊಮ್ಮೆ ಯಾವುದೋ ಗ್ಯಾರೇಜಿನಾಗ ಗಾಲಿ ಬಿಚ್ಚಿದಾಗ ಒಂದು ಬೋಲ್ಟ್ ಕಳೆದು, ಕೈಗೆ ಸಿಕ್ಕಿದ್ದು ಹಾಕಿ ಕಳಿಸಿರಬೇಕು.

ನಮ್ಮ ಕಡೆ ಗಾಲಿ ಬಿಚ್ಚೋದು ಹೊಸ ಮಾತಲ್ಲ. ನಾರಾಯಣಪುರ ಡ್ಯಾಮಿನ ಕಾಲುವೆ ನೀರು ಬರೋ ಶಹಾಪುರ, ಸುರಪುರದ ಹೊಲಕ್ಕ ಹೋಗಿ ಬಂದವರಿಗೆ ಗೊತ್ತು, ಗದ್ದಿ ಕೆಸರು, ಎರಿ ಮಣ್ಣು ಗಾಲಿಗೆ ಹ್ಯಾಂಗ ಮೆತ್ತಿಕೊಳ್ತದ ಅಂತ. ಮೇಲೆ ತಗ್ಗುದಿಣ್ಣಿ ರಸ್ತೆ, ಹಿಂದ ಗೊಬ್ಬರದ ಚೀಲ. ಬೇರಿಂಗ್ ಹೋಗ್ತದ, ರಿಮ್ ಬೆಂಡ್ ಆಗ್ತದ. ಹಬ್ ಮೇಲೆ ಹೊಡೆಯುವಾಗ ಡಿಸ್ಕ್ ಸೊಟ್ಟ ಆಗಬಾರದು ಅಂತ ಎಷ್ಟೋ ಸಲ ಡಿಸ್ಕನ್ನೂ ಬಿಚ್ಚತಾರ. ಪ್ರಶ್ನೆ ಬರೋದು ಆಮೇಲೆ: ಅವೇ ಬೋಲ್ಟ್ ತಿರುಗಿ ಹಾಕೋದಾ?

ಅಪ್ಪ ಹೇಳಿದ್ದು: "ಛಲೋನೇ ಅವಲ್ಲೋ, ಯಾಕ ಸುಮ್ನ ರೊಕ್ಕ ದಂಡ?" ಅಪ್ಪನ ಹಳೇ ಗಾಡಿ ಡ್ರಮ್ ಬ್ರೇಕಿಂದು. ಅದಕ್ಕ ಈ ಬೋಲ್ಟೇ ಇರಲಿಲ್ಲ.

ಗ್ಯಾರೇಜಿನ ಕಾಕಾ ನಕ್ಕು, "ಯಜಮಾನ್ರ, ಮಡ್‌ಗಾರ್ಡ್ ಸಡಿಲಾದ್ರ ದಾರಿ ತುಂಬ ಸದ್ದು ಮಾಡ್ತದ. ಇದು ಸಡಿಲಾಗಿದ್ದು ನಿಮಗ ಗೊತ್ತಾಗೋದು ಬ್ರೇಕ್ ಹಿಡಿದಾಗ್ರಿ" ಅಂದ್ರು.

ಇದರ ಲೆಕ್ಕ ಸರಳ ಅದ. ಟೈರಿನ ಅಂಚು ಆಕ್ಸಲ್ ನಡುವಿನಿಂದ ಸುಮಾರು 30 ಸೆಂ.ಮೀ. ದೂರ. ಬೋಲ್ಟ್‌ಗಳು ಸುಮಾರು 4 ಸೆಂ.ಮೀ. ದೂರ. ಅಂದ್ರ ಬ್ರೇಕ್ ಹಿಡಿದಾಗ ರಸ್ತೆ ಟೈರನ್ನ ಎಷ್ಟು ಬಲದಿಂದ ತಡೀತದೋ, ಅದರ ಸುಮಾರು 7.5 ಪಟ್ಟು ಬಲ ಈ ಬೋಲ್ಟ್‌ಗಳ ಪಾಲಿಗೆ ಬರ್ತದ. ಬೋಲ್ಟ್ ಬಿಗಿಯಾಗಿದ್ರ ಡಿಸ್ಕ್ ಮತ್ತು ಹಬ್ ಒಂದಕ್ಕೊಂದು ಅಂಟಿಕೊಂಡು, ಆ ತಿಕ್ಕಾಟವೇ ಹೆಚ್ಚಿನ ಭಾರ ಹೊರ್ತದ. ಸಡಿಲಾದ್ರ ಡಿಸ್ಕ್ ಅಲ್ಲಾಡಿ ಬೋಲ್ಟನ್ನ ಅಡ್ಡಕ್ಕ ಕತ್ತರಿಸಲಿಕ್ಕೆ ನೋಡ್ತದ. ಅದಕ್ಕ "ಬೋಲ್ಟ್ ಅದ" ಅನ್ನೋದು ಸಾಲದು, "ಬಿಗಿ ಹಿಡಿದದ" ಅನ್ನೋದು ಬೇಕು.

ಕಾಕಾ ನೋಡಿದ್ದು ಮೂರು ವಿಷಯ. ನೀವೂ ನೋಡ್ರಿ.

1) ತಲಿ. ಅಲೆನ್ ಕೀ ಕೂಡೋ ತೂತು ಸವೆದು ಗುಂಡಗಾಗಿದ್ರ ಆ ಬೋಲ್ಟ್ ಮುಗೀತು. ಇವತ್ತು ಹ್ಯಾಂಗೋ ಬಿಗಿಯಾಗಬಹುದು, ಮುಂದಿನ ಸಲ ಬಿಚ್ಚಲಿಕ್ಕೆ ಬರೋದಿಲ್ಲ. ಬಲದ ದರ್ಜೆನೂ ನೋಡ್ರಿ. 8.8 ಅಂತ ಬರೆದಿದ್ರ, ಒಂದು ಚದರ ಮಿ.ಮೀ.ಗೆ 800 ನ್ಯೂಟನ್ ಎಳೆತ ತಾಳ್ತದ, ಅದರ ಶೇ. 80ರ ತನಕ ಎಳೆದರೂ ತನ್ನ ಅಳತೆಗೆ ವಾಪಸ್ ಬರ್ತದ ಅಂತ ಅರ್ಥ. ಸ್ಟೇನ್‌ಲೆಸ್ ಬೋಲ್ಟ್ ಹೊಳಿತದ, ತುಕ್ಕು ಹಿಡಿಯೋದು ಕಮ್ಮಿ, ಆದ್ರ ಅಂಗಡಿಯಾಗ ಸಾಮಾನ್ಯವಾಗಿ ಸಿಗೋ ಎ2-70 ದರ್ಜೆ 8.8ಕ್ಕಿಂತ ಕಮ್ಮಿ ಬಲದ್ದು. ನಮ್ಮ ಹೊಳೆಯೋ ಬೋಲ್ಟ್ ಮೇಲೆ ಏನೂ ಬರೆದೇ ಇರಲಿಲ್ಲ.

2) ಥ್ರೆಡ್. ತುಕ್ಕು ತಿಂದಿದ್ರ, ಎಳೆದು ಉದ್ದ ಆದಂಗ ಕಂಡ್ರ, ಕೈಯಿಂದ ಸಲೀಸಾಗಿ ತಿರುಗದಿದ್ರ ತೆಗೆದು ಒಗೀರಿ. ಹೊಸ ಬೋಲ್ಟ್ ಥ್ರೆಡ್ ಮೇಲೆ ಎಷ್ಟೋ ಸಲ ನೀಲಿ ಇಲ್ಲಾ ಬೇರೆ ಬಣ್ಣದ ಅಂಟು ಒಣಗಿರ್ತದ. ಅದು ಬಣ್ಣ ಅಲ್ಲ, ಥ್ರೆಡ್‌ಲಾಕ್. ಬೋಲ್ಟ್ ನಡುಗಿ ಸಡಿಲಾಗದಂಗ ಹಿಡಿಯೋದು ಅದೇ. ಒಮ್ಮೆ ಬಿಚ್ಚಿದ್ರ ಅದರ ಕೆಲಸ ಮುಗೀತು.

3) ಪುಸ್ತಕ. ಹೋಂಡಾದ ಹಲವು ಮಾಡೆಲ್‌ಗಳ ಸರ್ವಿಸ್ ಮ್ಯಾನುಯಲ್‌ನಾಗ ಡಿಸ್ಕ್ ಬೋಲ್ಟ್ ಬಿಚ್ಚಿದ್ರ ಹೊಸಾವೇ ಹಾಕಬೇಕು ಅಂತ ಅದ. ಯಮಹಾದ ಹಲವು ಮ್ಯಾನುಯಲ್‌ನಾಗ ಥ್ರೆಡ್‌ಲಾಕ್ ಹಚ್ಚಿ ಹಾಕ್ರಿ ಅಂತ ಅದ. ನಿಮ್ಮ ಗಾಡಿ ಪುಸ್ತಕ ಹೊಸಾವು ಅಂದ್ರ ಹೊಸಾವೇ, ಅಲ್ಲಿ ವಾದ ಬ್ಯಾಡ.

ಪುಸ್ತಕ ಬ್ಯಾಡ ಅನ್ನದೇ ಇದ್ದು, ತಲಿ, ಥ್ರೆಡ್ ಎರಡೂ ಛಲೋ ಇದ್ರ ಹಳೇವು ನಡೀತಾವ. ಆದ್ರ ಹಾಂಗೇ ತಿರುಗಿಸಿ ಬಿಡೋದಲ್ಲ. ಹಳೇ ಅಂಟನ್ನ ಬೋಲ್ಟಿನಿಂದಲೂ ಹಬ್ ತೂತಿನಿಂದಲೂ ಪೂರ್ತಿ ತೆಗೀಬೇಕು, ಎಣ್ಣಿ ಇರದಂಗ ಒರೆಸಬೇಕು, ನೀಲಿ ಥ್ರೆಡ್‌ಲಾಕ್ ಒಂದೆರಡು ಹನಿ ಹಾಕಬೇಕು. ಅದು ಪೂರ್ತಿ ಗಟ್ಟಿಯಾಗಲಿಕ್ಕೆ ಸುಮಾರು 24 ತಾಸು ಬೇಕು. ಒಂದು ಹನಿನೂ ಡಿಸ್ಕ್ ಅಥವಾ ಪ್ಯಾಡ್ ಮೇಲೆ ಬೀಳಬಾರದು.

ಬಿಗಿ ಮಾಡೋದು ಎದುರುಬದುರು, ಸ್ವಲ್ಪ ಸ್ವಲ್ಪ, ಕೊನೀಗೆ ಟಾರ್ಕ್ ಪಾನಾದಿಂದ. ಕೈ ಅಂದಾಜು ಯಾಕ ಬ್ಯಾಡ ಅಂದ್ರ, ಒಂದು ಗಾಡಿಗೆ 23 ನ್ಯೂಟನ್ ಮೀಟರ್ ಇದ್ರ ಇನ್ನೊಂದಕ್ಕ 42 ಇರ್ತದ. ಹಬ್ ಅಲ್ಯುಮಿನಿಯಂದು. ಜಾಸ್ತಿ ತಿರುವಿದ್ರ ಒಳಗಿನ ಥ್ರೆಡ್ ಕಿತ್ತು ಬರ್ತದ, ಆಗ ಖರ್ಚು ಬೋಲ್ಟಿಂದಲ್ಲ, ಹಬ್ಬಿಂದು.

ನಮ್ಮ ಗಾಡಿಗೆ 5ಕ್ಕ 5ನೂ ಹೊಸಾವು ಹಾಕಿದ್ವಿ, ಗಾಡಿ ಕಂಪನಿ ಬೋಲ್ಟೇ. ಬಿಚ್ಚುವಾಗ ಕಪ್ಪು ಬೋಲ್ಟ್‌ನಾಗ ಒಂದರ ತಲಿನೂ ಗುಂಡಗಾಗಿತ್ತು. ಖರ್ಚು ಒಂದು ಲೀಟರ್ ಪೆಟ್ರೋಲಿಗಿಂತ ತುಸು ಹೆಚ್ಚು. ಅಪ್ಪ ಆ ಗಾಡಿ ಮೇಲೆ ಅವ್ವನ್ನ ಕೂಡಿಸಿಕೊಂಡು ಭೀಮಾ ಬ್ರಿಜ್ ದಾಟಿ ಯಾದಗಿರಿಗೆ ಹೋಗ್ತಾನ. ಮುಂದ ಬಸ್ಸು ಗಕ್ಕನ ನಿಂತ್ರ ಇಬ್ಬರ ಭಾರನೂ ಆ 5 ಬೋಲ್ಟ್ ಮೇಲೆ. ಈ ಮಾತು ಹೇಳಿದ ಮೇಲೆ ಅಪ್ಪ ರೊಕ್ಕದ ಸುದ್ದಿ ತೆಗೀಲಿಲ್ಲ.

ಕೊನೇ ಫೋಟೋ ನೋಡ್ರಿ. ಪ್ರತಿ ಬೋಲ್ಟ್ ತಲಿಯಿಂದ ಡಿಸ್ಕ್ ತನಕ ಬಿಳಿ ಪೇಂಟಿನ ಸಣ್ಣ ಗೆರಿ ಅದ. ಬೋಲ್ಟ್ ತಿರುಗಿದ್ರ ಗೆರಿ ತುಂಡಾಗಿ ಕಾಣ್ತದ. ಪಾನಾ ಬ್ಯಾಡ, ಗಾಡಿ ತೊಳಿಯುವಾಗ ಒಮ್ಮೆ ಕಣ್ಣು ಹಾಯಿಸಿದ್ರ ಸಾಕು.

ಗಾಲಿ ಬಿಚ್ಚಿಸಿದಾಗ ನಿಮ್ಮ ಮೆಕ್ಯಾನಿಕ್‌ಗೆ ಮರ್ಯಾದಿಯಿಂದ ಒಂದೇ ಮಾತು ಕೇಳ್ರಿ: "ಕಾಕಾ, ಡಿಸ್ಕ್ ಬೋಲ್ಟ್ ಹೊಸಾವು ಬೇಕೇನ್ರಿ, ಥ್ರೆಡ್‌ಲಾಕ್ ಹಚ್ಚೀರೇನ್ರಿ?" ಛಲೋ ಮೆಕ್ಯಾನಿಕ್ ಸಿಟ್ಟಾಗೋದಿಲ್ಲ. ಬೋಲ್ಟ್ ಕೈಯಾಗ ಹಿಡಿದು ತೋರಿಸ್ತಾನ.

ನಿಮ್ಮ ಗಾಡಿಗೆ ಎಷ್ಟು ಬೋಲ್ಟ್, ಎಲ್ಲಾ ಒಂದೇ ಥರ ಅವನಾ? ಕಮೆಂಟ್‌ನಾಗ ಹಾಕ್ರಿ. ದಿನಾ ಗಾಡಿ ಮೇಲೆ ಕಾಲೇಜಿಗೆ ಬರೋ ದೋಸ್ತನಿಗೆ ಕಳಿಸ್ರಿ.

#ಗಾಡಿಮಾತು #ಯಾದಗಿರಿ #ಶಹಾಪುರ #ಸುರಪುರ