ಮೂವತ್ತು ವರ್ಷ ತಡವಾಗಿ ಕೇಳಿಸಿದ ದನಿ

ಈ ವಾರ ಪೂರ್ತಿ ಆಫೀಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಒಂದೇ ಆಲ್ಬಮ್ ಕೇಳ್ತಾ ಇದ್ದೀನಿ. ವಾಷ್ಟಿ ಬನ್ಯನ್ ಎಂಬಾಕೆಯ 'ಜಸ್ಟ್ ಅನದರ್ ಡೈಮಂಡ್ ಡೇ'. ಹದಿನಾಲ್ಕು ಪುಟ್ಟ ಪುಟ್ಟ ಹಾಡುಗಳು, ಎಲ್ಲ ಸೇರಿದರೂ ಅರ್ಧ ಗಂಟೆ ಅಷ್ಟೆ. ಡ್ರಮ್ಸ್ ಅಬ್ಬರ ಇಲ್ಲ. ಗಿಟಾರು, ಪಿಟೀಲು, ಮತ್ತೆ ಪಿಸುಮಾತಿಗಿಂತ ಸ್ವಲ್ಪವೇ ಗಟ್ಟಿಯಾದ ಒಂದು ದನಿ.

ಈ ಹಾಡುಗಳ ಹಿಂದೆ ಒಂದು ಕಥೆ ಇದೆ. 1965ರಲ್ಲಿ ಈಕೆ ಲಂಡನ್ನಿನಲ್ಲಿ ಜಾಗರ್-ರಿಚರ್ಡ್ಸ್ ಬರೆದ ಹಾಡೊಂದನ್ನು ಹಾಡಿ ಪಾಪ್ ತಾರೆಯಾಗಲು ಹೊರಟಿದ್ದಳು. ಅದು ಓಡಲಿಲ್ಲ. 1968ರಲ್ಲಿ ಗೆಳೆಯನ ಜೊತೆ ಕುದುರೆಗಾಡಿ ಹತ್ತಿ, ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಕಡೆ ಹೊರಟುಬಿಟ್ಟಳು. ಗಾಯಕ ಡೊನೊವನ್ ಅಲ್ಲಿ ಕಲಾವಿದರ ಒಂದು ಊರನ್ನೇ ಕಟ್ಟುವ ಕನಸು ಕಂಡಿದ್ದ. ಕುದುರೆಯ ಹೆಸರು ಬೆಸ್. ಕುದುರೆ ನಡೆದಷ್ಟೇ ವೇಗ! ಹಾಡುಗಳು ಹುಟ್ಟಿದ್ದು ಆ ದಾರಿಯಲ್ಲಿ. ಒಂದು ಹಾಡಂತೂ ಬೆಸ್ ಮೇಲೆಯೇ ಇದೆ. ಇನ್ನೊಂದನ್ನು ನಾವೆಲ್ಲ ಎಲ್‌ಕೆಜಿಯಲ್ಲಿ ಕಲಿತ 'ಟ್ವಿಂಕಲ್ ಟ್ವಿಂಕಲ್' ಧಾಟಿಗೇ ಕೂರಿಸಿದ್ದಾಳೆ.

1969ರ ಕೊನೆಯಲ್ಲಿ ಜೋ ಬಾಯ್ಡ್ ಇವನ್ನು ರೆಕಾರ್ಡ್ ಮಾಡಿಸಿದ. ನಿಕ್ ಡ್ರೇಕ್‌ನ ಹಾಡುಗಳಿಗೆ ವಾದ್ಯ ಸಂಯೋಜಿಸಿದ್ದ ರಾಬರ್ಟ್ ಕರ್ಬಿಯೇ ಇಲ್ಲೂ ಕೆಲವು ಹಾಡುಗಳಿಗೆ ಕೈಜೋಡಿಸಿದ. 1970ರ ಕೊನೆಗೆ ಎಲ್‌ಪಿ ಬಂತು. ಕೊಂಡವರು ಕೆಲವೇ ಕೆಲವು ಜನ. ಅವಳು ಹಾಡುವುದನ್ನೇ ಬಿಟ್ಟಳು. ಮಕ್ಕಳು, ಹೊಲ, ದನ ಕುದುರೆ ಅಂತ ಬದುಕು ಬೇರೆ ಕಡೆ ಹೋಯಿತು.

1997ರಲ್ಲಿ ಮನೆಗೆ ಕಂಪ್ಯೂಟರ್ ಬಂದಾಗ ಇಂಟರ್‌ನೆಟ್ಟಿನಲ್ಲಿ ತನ್ನ ಹೆಸರು ಹುಡುಕಿದಳಂತೆ. ನೋಡಿದರೆ ಯಾರ್ಯಾರೋ ಆ ಹಳೇ ಎಲ್‌ಪಿಗಾಗಿ ಹುಡುಕಾಡ್ತಾ ಇದ್ದಾರೆ! 2000ದಲ್ಲಿ ಅದು ಸಿಡಿಯಾಗಿ ಮರುಮುದ್ರಣವಾಯಿತು. ಹುಟ್ಟಿದಾಗ ಯಾರಿಗೂ ಬೇಡವಾಗಿದ್ದ ಹಾಡುಗಳನ್ನು ಹೊಸ ತಲೆಮಾರಿನ ಹುಡುಗ ಹುಡುಗಿಯರು ತಲೆ ಮೇಲೆ ಹೊತ್ತುಕೊಂಡರು.

ಇದನ್ನು ಬರೆಯುವವರೆಲ್ಲ 'ಎಂಥಾ ಸುಂದರ ಕಥೆ' ಅಂತ ಮುಗಿಸ್ತಾರೆ. ನನಗೆ ಮಾತ್ರ ಸ್ವಲ್ಪ ಸಿಟ್ಟೇ ಬರುತ್ತೆ. ಆ ಮೂವತ್ತು ವರ್ಷಗಳನ್ನು ವಾಪಸ್ ಕೊಡುವವರು ಯಾರು? ಯಾರೂ ಏನೂ ಹೇಳದಿದ್ದುದನ್ನೇ ಅವಳು ತೀರ್ಪು ಅಂದುಕೊಂಡಳು. 'ನಿನ್ನ ಹಾಡು ಚೆನ್ನಾಗಿಲ್ಲ' ಅಂತ ಸಾವಿರ ಜನ ಹೇಳಿರಲಿಲ್ಲ, ಸಾವಿರ ಜನರಿಗೆ ಅದು ತಲುಪೇ ಇರಲಿಲ್ಲ. ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ! ಆದರೆ ಹಾಡಿದವಳ ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಮರುಮುದ್ರಣ ಆಲ್ಬಮ್ಮನ್ನು ಉಳಿಸಿತು. ಆ ವರ್ಷಗಳಲ್ಲಿ ಹುಟ್ಟಬಹುದಾಗಿದ್ದ ಹಾಡುಗಳು ಹೋದವು, ಅಷ್ಟೆ.

ಸಮಾಧಾನ ಅಂದ್ರೆ ಅವಳು ಮತ್ತೆ ಬರೆದಳು. ಎರಡನೇ ಆಲ್ಬಮ್ 'ಲುಕಾಫ್ಟರಿಂಗ್' ಬಂದಿದ್ದು 2005ರಲ್ಲಿ, ಮೊದಲನೆಯದರ 35 ವರ್ಷಗಳ ನಂತರ. 2014ರಲ್ಲಿ 'ಹಾರ್ಟ್‌ಲೀಪ್'. ಅದರ ನಿರ್ಮಾಣವೂ ಅವಳದೇ. 2022ರಲ್ಲಿ ಆ ಪಯಣದ ನೆನಪುಗಳ ಪುಸ್ತಕವೂ ಬಂತು.

ಒಂದು ಮಾತು. ಎಲ್ಲರೂ ಅವಳನ್ನು ಜಾನಪದ ಗಾಯಕಿ ಅಂತಾರೆ, ಅವಳಿಗೆ ಆ ಹಣೆಪಟ್ಟಿ ಇಷ್ಟವಿಲ್ಲ. ತಾನು ಹಾಡಿದ್ದು ಪಾಪ್ ಅನ್ನೋದು ಅವಳ ವಾದ. ಕೇಳ್ತಾ ಕೇಳ್ತಾ ನನಗೂ ಅದೇ ಸರಿ ಅನ್ನಿಸಿದೆ. ಎರಡು ಸಲ ಕೇಳಿದರೆ ಮೂರನೇ ಸಲ ನಾವೇ ಗುನುಗ್ತೀವಲ್ಲ, ಪಾಪ್ ಅಂದರೆ ಇನ್ನೇನು?

ರಾತ್ರಿ ಊಟ ಆದಮೇಲೆ, ಲೈಟ್ ಆರಿಸಿ ಕೇಳಿ. ನಿಮಗೂ ಹೀಗೆ ತಡವಾಗಿ ಸಿಕ್ಕಿದ ಹಾಡುಗಳಿದ್ದರೆ ತಿಳಿಸಿ, ನಾನೂ ಕೇಳ್ತೀನಿ.