ಮೇಲೆ ಹೀರೋ, ಪಕ್ಕದಲ್ಲಿ ಸಿಪಾಯಿ!

ಅಂಡರ್‌ಕಟ್ ಅಂದ್ರೆ ನಿನ್ನೆ ಮೊನ್ನೆ ಹುಟ್ಟಿದ ಫ್ಯಾಷನ್ ಅಂದ್ಕೊಂಡು ಕಾಲರ್ ಏರಿಸೋ ಗೆಳೆಯರೇ, ಸ್ವಲ್ಪ ತಾಳಿ! ಹಲಸೂರು ಕೆರೆ ಕಡೆ ಮದ್ರಾಸ್ ಸ್ಯಾಪರ್ಸ್ ಜವಾನರ ತಲೆ ನೋಡಿದ್ದೀರಾ? ಕಿವಿ ಮೇಲೆ ನುಣ್ಣಗೆ, ನೆತ್ತಿ ಮೇಲೆ ಒಂದಿಷ್ಟು. ಆ ಸಿಪಾಯಿ ಕ್ರಾಪಿನ ನೆತ್ತಿಗೆ ಮೂರು ನಾಲ್ಕು ಇಂಚು ಕೂದಲು ಸೇರಿಸಿ, ಅದೇ ಅಂಡರ್‌ಕಟ್! 2013ರಲ್ಲಿ ‘ಪೀಕಿ ಬ್ಲೈಂಡರ್ಸ್’ ಅನ್ನೋ ಇಂಗ್ಲಿಷ್ ಸೀರಿಯಲ್ ಬಂದು, ಮೊದಲ ಮಹಾಯುದ್ಧದ ನಂತರದ ಬರ್ಮಿಂಗ್‌ಹ್ಯಾಮ್ ಪುಂಡರ ತಲೆಗಳನ್ನು ತೋರಿಸಿತು. ಹಳೇ ಕ್ರಾಪಿಗೆ ಮತ್ತೆ ಯೋಗ ಬಂತು.

ನಮ್ಮಪ್ಪನ ಕಾಲದಲ್ಲಿ ಇದಕ್ಕೆ ತದ್ವಿರುದ್ಧ. 1975ರ ‘ದೀವಾರ್’ ಅಮಿತಾಬ್‌ನ ನೋಡಿ ಹುಡುಗರೆಲ್ಲ ಕಿವಿ ಮುಚ್ಚಿಕೊಂಡರು. ನಮ್ಮ ಬಿ.ಟಿ.ಎಸ್. ಕಂಡಕ್ಟರ್ ರಜನೀಕಾಂತ್ ಆದ ಮೇಲಂತೂ ಹಣೆಗೂದಲು ಹಾರಿಸೋದೇ ಒಂದು ವಿದ್ಯೆ!

ಹಲಸೂರಿನಲ್ಲಿ ನಾನು ಹೋಗೋ ಅಂಗಡಿಯ ಅಣ್ಣ ಫೋಟೋ ತೋರಿಸಿದರೆ ನೋಡೋದೇ ಇಲ್ಲ. ಮೊದಲು ತಲೆ ತಡವುತ್ತಾರೆ. ದುಂಡು ಮುಖಕ್ಕೆ ಪಕ್ಕ ಇಳಿಸಿ ಮೇಲೆ ಎತ್ತರ ಕೊಟ್ಟರೆ ಚೆಂದ. ಉದ್ದ ಮುಖದವರು ಪಕ್ಕ ಪೂರ್ತಿ ಬೋಳಿಸಿದರೆ ಇನ್ನೂ ಉದ್ದ ಕಾಣ್ತಾರೆ. ಅವರಿಗೆ ಮಷಿನ್ ನಂಬರ್ ಮೂರೋ ನಾಲ್ಕೋ ಸಾಕು. ನಂಬರ್ ಒಂದು ಅಂದ್ರೆ 3 ಮಿಲಿಮೀಟರ್, ಎರಡು ಅಂದ್ರೆ 6. ಫೇಡ್ ಬೇರೆ, ಅಂಡರ್‌ಕಟ್ ಬೇರೆ ಸ್ವಾಮೀ! ಫೇಡ್‌ನಲ್ಲಿ ಕೂದಲು ಮೆಟ್ಟಿಲಿಲ್ಲದೆ ಇಳಿಯುತ್ತೆ. ಅಂಡರ್‌ಕಟ್‌ನಲ್ಲಿ ಗೆರೆ ಕೊಯ್ದ ಹಾಗೆ ನಿಲ್ಲಬೇಕು.

ಕಳೆದ ವರ್ಷ ಹೆಣ್ಣು ನೋಡೋಕೆ ಹೋಗುವ ಹಿಂದಿನ ದಿನ ಕುರ್ಚಿಯಲ್ಲಿ ಕೂತೆ. ಅಣ್ಣ ಹಿಂದಲೆ ಸವರಿ ನಕ್ಕರು: “ತಮ್ಮಾ, ನಿಂಗೆ ಎರಡು ಸುಳಿ!”

ಎರಡು ಸುಳಿ ಇದ್ದವನಿಗೆ ಎರಡು ಮದುವೆ, ಅದು ನಮ್ಮ ಕಡೆ ಹಳೇ ಮಾತು. ನಂಬೋರು ಇನ್ನೂ ಇದ್ದಾರೆ! ಗೆರೆಯನ್ನು ಸುಳಿಗಿಂತ ಕೆಳಗೆ ಇಟ್ಟು ಮೇಲಿನ ಕೂದಲು ಉದ್ದ ಬಿಟ್ಟರೆ ಅದರ ಭಾರಕ್ಕೇ ಸುಳಿ ಮಲಗುತ್ತೆ. ಗೆರೆ ಮೇಲಕ್ಕೆ ಹೋದ್ರೆ ಎರಡೂ ಬಯಲು. “ಮುಚ್ಚಲಾ, ಬಿಡಲಾ?”

ನನ್ನ ಎದೆ ಡವಡವ. ಆದರೂ, ನಾಳೆ ಮುಚ್ಚಿಟ್ಟು ನಾಡಿದ್ದು ಸಿಕ್ಕಿಬೀಳೋದಕ್ಕಿಂತ... “ಬಿಡಣ್ಣ, ಕಾಣಲಿ” ಅಂದೆ.

ಕೆ.ಆರ್.ಪುರದ ಆ ಮನೆಯಲ್ಲಿ ಅಜ್ಜಿಯ ಕಾಲಿಗೆ ಬಗ್ಗಿದೆ ನೋಡಿ, ಅಜ್ಜಿ ಕಣ್ಣು ನೇರ ನೆತ್ತಿಗೆ! “ಅಯ್ಯೋ, ಎರಡು ಸುಳಿ ಕಣೇ!”

ಮನೆಯೆಲ್ಲ ಗಪ್‌ಚಿಪ್. ಕಾಫಿ ತಟ್ಟೆ ಹಿಡಿದಿದ್ದವಳು ತಲೆ ಎತ್ತದೆ ಹೇಳಿದಳು: “ಎರಡು ಸಲಾನೂ ನಾನೇ ಆದ್ರಾಯ್ತು ಬಿಡಜ್ಜಿ!”

ಅಜ್ಜಿಯೇ ಮೊದಲು ನಕ್ಕಿದ್ದು.

ಇನ್ನು ಆರೈಕೆ. ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯೋದರಿಂದ ಮೂರು ವಾರಕ್ಕೊಮ್ಮೆ ಪಕ್ಕ ಇಳಿಸಲೇಬೇಕು, ಇಲ್ಲದಿದ್ರೆ ಮುಳ್ಳುಹಂದಿ! ಕೊಬ್ಬರಿ ಎಣ್ಣೆ ಹಚ್ಚಿದರೆ ನೆತ್ತಿ ಮಲಗಿಬಿಡುತ್ತೆ; ಅದು ರಾತ್ರಿಗಿರಲಿ. ಬೆಳಿಗ್ಗೆ ಕಡಲೆಕಾಳಿನಷ್ಟು ವ್ಯಾಕ್ಸ್ ಅಂಗೈಯಲ್ಲಿ ಉಜ್ಜಿ, ಕೂದಲ ಬುಡದಿಂದ ಹಿಂದಕ್ಕೆ ಎಳೀರಿ. ಬೈಕ್‌ನವರು ಹೆಲ್ಮೆಟ್ ತೆಗೆದ ಮೇಲೇ ಹಚ್ಚಿ. ಅದಕ್ಕೇ ನಾನು ವ್ಯಾಕ್ಸ್ ಡಬ್ಬಿನ ಪೆಟ್ರೋಲ್ ಟ್ಯಾಂಕ್ ಮೇಲಿನ ಬ್ಯಾಗಲ್ಲೇ ಇಟ್ಟಿರ್ತೀನಿ.